ಮುತ್ತು ಕಟ್ಟಿದವರ ಕಥೆ, ಮುಂಬೈ ದಾರಿ ಮತ್ತು ಬೆಳ್ಳಿತೆರೆ

ಹೆಣ್ಣುಮಕ್ಕಳ ಸಾಗಣೆ ಮತ್ತು ಮಾರಾಟವನ್ನು ಕುರಿತ ಸಿನಿಮಾಗಳ ಚರಿತ್ರೆಯಲ್ಲಿ ಬೆಳಗಾವಿ ಸೀಮೆಯ ಕಥೆ ಬೇರೆಯೇ ಬಗೆಯದು. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವವನು ಅಪರಿಚಿತ ಖಳ: ಹುಡುಗಿಯನ್ನು ಮೋಸದಿಂದಲೋ ಬಲವಂತದಿಂದಲೋ ಹೊತ್ತೊಯ್ಯುವವನು. ಎಲ್ಲಮ್ಮ ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುತ್ತಿದ್ದ ಊರುಗಳಲ್ಲಿ ಅಂಥವನ ಅಗತ್ಯವೇ ಇರಲಿಲ್ಲ. ಹರಕೆ, ಬಡತನ, ಜಾತಿ, ಊರ ಹಿರಿಯರ ಮಾತು, ಪರಿಚಯದವರ ಭರವಸೆ ಇವೆಲ್ಲ ಕೂಡಿ ಹುಡುಗಿಯನ್ನು ಮುಂಬೈಯ ಗಲ್ಲಿಗೆ ಮುಟ್ಟಿಸುತ್ತಿದ್ದವು. ಈ ಸತ್ಯವನ್ನು ಹಿಡಿಯಲು ಸಿನಿಮಾಕ್ಕೆ ಬಹಳ ವರ್ಷ ಬೇಕಾದವು.

ಈ ಕಥೆಯ ನೆಲ ಮಲಪ್ರಭೆಯ ದಂಡೆ. ಖಾನಾಪುರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಸಹ್ಯಾದ್ರಿಯ ಕಾಡಿನ ನಡುವೆ ಇರುವ ಕಣಕುಂಬಿಯಲ್ಲಿ ನದಿ ಹುಟ್ಟುತ್ತದೆ. ಮಾವುಲಿ ದೇವಿಯ ಗುಡಿಯಿಂದಾಗಿ ಆ ಊರೇ ಒಂದು ಕ್ಷೇತ್ರ. ಅಲ್ಲಿಂದ ಖಾನಾಪುರ, ಎಂ.ಕೆ. ಹುಬ್ಬಳ್ಳಿಗಳನ್ನು ಹಾದು ನದಿ ಸವದತ್ತಿಗೆ ಬರುತ್ತದೆ; ಅಲ್ಲಿ ಏಳುಕೊಳ್ಳದ ಎಲ್ಲಮ್ಮನ ಗುಡ್ಡವಿದೆ. ಎಲ್ಲಮ್ಮನೇ ಆದ ರೇಣುಕೆ ದಿನವೂ ಮರಳಿನ ಕೊಡ ಮಾಡಿ ನೀರು ತಂದದ್ದು ಇದೇ ಮಲಪ್ರಭೆಯಿಂದ ಎಂದು ಜನ ನಂಬುತ್ತಾರೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಲಕ್ಷಗಟ್ಟಲೆ ಜನ ಉಧೋ ಉಧೋ ಎನ್ನುತ್ತ ಗುಡ್ಡ ಏರುತ್ತಾರೆ.

ಇದೇ ಭಕ್ತಿಯ ನೆರಳಿನಲ್ಲಿ ಮುತ್ತು ಕಟ್ಟುವ ಪದ್ಧತಿ ಬೆಳೆಯಿತು. ಹುಡುಗಿಗೆ ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹಣೆಗೆ ಭಂಡಾರ ಹಚ್ಚಿ, ಕೊರಳಿಗೆ ಕೆಂಪು-ಬಿಳಿ ಮಣಿಗಳ ಸರ ಕಟ್ಟುತ್ತಿದ್ದರು. ಕೈಗೆ ಪಡಲಗಿ ಎಂಬ ಬುಟ್ಟಿ ಕೊಟ್ಟು ಐದು ಮನೆ ಜೋಗ, ಅಂದರೆ ದೇವಿಯ ಹೆಸರಿನ ಭಿಕ್ಷೆ, ಬೇಡಿಸುತ್ತಿದ್ದರು. ಅಲ್ಲಿಂದ ಮುಂದೆ ಅವಳು ಜೋಗತಿ, ಅಂದರೆ ದೇವದಾಸಿ; ಯಾರನ್ನೂ ಮದುವೆಯಾಗುವಂತಿಲ್ಲ. ಬಿಡಲು ಕಾರಣಗಳು ಹಲವು: ಮನೆಯಲ್ಲಿ ಗಂಡು ಸಂತಾನವಿಲ್ಲದಿರುವುದು, ಗುಣವಾಗದ ಕಾಯಿಲೆ, ತಲೆಗೂದಲು ಜಟೆಗಟ್ಟಿದ್ದು. ಕೂದಲ ಜಟೆಯನ್ನು ದೇವಿಯ ಕರೆ ಎಂದೇ ತಿಳಿಯುತ್ತಿದ್ದರು. ಬಿಡಲ್ಪಟ್ಟವರಲ್ಲಿ ಹೆಚ್ಚಿನವರು ದಲಿತ ಮನೆತನದವರು. ಮೈನೆರೆದ ಮೇಲೆ ಹಣವುಳ್ಳವನೊಬ್ಬ ಅವಳನ್ನು ಇಟ್ಟುಕೊಳ್ಳುತ್ತಿದ್ದ. ಅವನು ಕೈಬಿಟ್ಟಾಗ ಅವಳ ಮೇಲೆ ತಂದೆ ತಾಯಿ, ತಮ್ಮ ತಂಗಿಯರ ಹೊಟ್ಟೆ ಹೊರೆಯುವ ಭಾರ ಉಳಿಯುತ್ತಿತ್ತು.

ಆ ಭಾರವೇ ಅವಳನ್ನು ಊರು ಬಿಡಿಸಿತು. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತ್ಯದಲ್ಲೇ ಇದ್ದುದರಿಂದ ಮುಂಬೈ ಈ ಸೀಮೆಗೆ ಪರಿಚಿತ ನಗರ. ಗಿರಣಿ ಕೆಲಸಕ್ಕೆ ಗಂಡಸರು ಹೋದ ದಾರಿಯಲ್ಲೇ ಈ ಹೆಣ್ಣುಮಕ್ಕಳೂ ಹೋದರು. ಮೊದಲೇ ಅಲ್ಲಿ ನೆಲೆಸಿದ್ದ ಊರಿನವಳೊಬ್ಬಳು ಜಾತ್ರೆಗೆ ಬಂದವಳು ಹಿಂದಿರುಗುವಾಗ ಜೊತೆಗೆ ಕರೆದೊಯ್ಯುತ್ತಿದ್ದಳು; ಮನೆಯವರಿಗೆ ಮುಂಗಡ ಹಣ ಸಿಗುತ್ತಿತ್ತು. ಮುಂಬೈಯ ವೇಶ್ಯಾವಾಟಿಕೆ ಕಾಮಾಟಿಪುರದ ಘರವಾಲಿಯ, ಅಂದರೆ ಮನೆ ನಡೆಸುವವಳ, ಲೆಕ್ಕದಲ್ಲಿ ಅದು ಹುಡುಗಿಯ ಸಾಲವಾಗುತ್ತಿತ್ತು. ಪುಣೆ, ಸಾಂಗ್ಲಿ, ಮೀರಜ್‌ಗಳಿಗೂ ಇದೇ ದಾರಿ. ಕಣಕುಂಬಿಯಿಂದ ಚೋರ್ಲಾ ಘಾಟಿ ಇಳಿದರೆ ಸಿಗುವ ಗೋವಾ 1961ರವರೆಗೆ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಪರದೇಶ. ಅಲ್ಲಿನ ವಾಸ್ಕೋ ಬಂದರಿನ ಬಯನಾ ಕಡಲತೀರದ ಗುಡಿಸಲುಗಳಲ್ಲಿ ಉತ್ತರ ಕರ್ನಾಟಕದ ಅನೇಕ ಹೆಂಗಸರು ಬದುಕುತ್ತಿದ್ದರು. 2004ರಲ್ಲಿ ಆ ಬಸ್ತಿಯನ್ನು ಕೆಡವಲಾಯಿತು.

ಕಾನೂನು ಈ ಪದ್ಧತಿಯನ್ನು ತಡವಾಗಿ ಅಲ್ಲದಿದ್ದರೂ ಸಡಿಲವಾಗಿ ಎದುರಿಸಿತು. 1934ರ ಮುಂಬೈ ದೇವದಾಸಿ ಸಂರಕ್ಷಣಾ ಕಾಯ್ದೆ ಬೆಳಗಾವಿಗೂ ಅನ್ವಯಿಸುತ್ತಿತ್ತು. 1950ರಲ್ಲಿ ನ್ಯೂಯಾರ್ಕ್‌ನಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಪ್ಪಂದವನ್ನು ಅನುಸರಿಸಿ ಭಾರತ 1956ರಲ್ಲಿ ಅನೈತಿಕ ವ್ಯವಹಾರ ತಡೆ ಕಾಯ್ದೆ ತಂದಿತು. ಕರ್ನಾಟಕ 1982ರಲ್ಲಿ ರೂಪಿಸಿದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ 1984ರಲ್ಲಿ ಜಾರಿಗೆ ಬಂತು. ಆಮೇಲೆ ಗುಡ್ಡದ ಮೇಲೆ ಬಹಿರಂಗವಾಗಿ ಮುತ್ತು ಕಟ್ಟುವುದು ನಿಂತು, ಮನೆಗಳ ಒಳಗೆ ಗುಟ್ಟಾಗಿ ನಡೆಯತೊಡಗಿತು.

ಜಗತ್ತಿನ ಸಿನಿಮಾ ಹೆಣ್ಣುಮಕ್ಕಳ ಸಾಗಣೆಯ ವಿಷಯವನ್ನು ತನ್ನ ಆರಂಭದ ಕಾಲದಲ್ಲೇ ಎತ್ತಿಕೊಂಡಿತ್ತು. 1910ರಲ್ಲಿ ಡೆನ್ಮಾರ್ಕ್‌ನಲ್ಲಿ ಬಿಳಿಯ ಹೆಣ್ಣುಮಕ್ಕಳ ಮಾರಾಟದ ಮೂಕಿಚಿತ್ರಗಳು ಬಂದವು. 1913ರ ಅಮೆರಿಕದ ‘ಟ್ರಾಫಿಕ್ ಇನ್ ಸೋಲ್ಸ್’ ನ್ಯೂಯಾರ್ಕ್‌ಗೆ ಬಂದಿಳಿದ ವಲಸೆ ಹುಡುಗಿಯರು ಜಾಲಕ್ಕೆ ಬೀಳುವುದನ್ನು ತೋರಿಸಿ ಭಾರೀ ಜನರನ್ನು ಸೆಳೆಯಿತು. ಸೋವಿಯತ್ ಒಕ್ಕೂಟ ಒಡೆದ ಬಳಿಕ ಇದೇ ಕಥೆ ಹೊಸ ರೂಪ ತಾಳಿತು. 2002ರ ‘ಲಿಲ್ಯಾ 4-ಎವರ್’ನಲ್ಲಿ ಪ್ರೀತಿಸುವವನೆಂದು ನಂಬಿದ ಹುಡುಗನೇ ಲಿಲ್ಯಾಳನ್ನು ಸ್ವೀಡನ್‌ಗೆ ಕಳಿಸುತ್ತಾನೆ. 2004ರ ಬ್ರಿಟಿಷ್ ಕಿರುಸರಣಿ ‘ಸೆಕ್ಸ್ ಟ್ರಾಫಿಕ್’, 2005ರ ‘ಹ್ಯೂಮನ್ ಟ್ರಾಫಿಕಿಂಗ್’ ಗಡಿಗಳನ್ನು ದಾಟುವ ಜಾಲಗಳನ್ನು ಬಿಡಿಸಿಟ್ಟವು. 2008ರ ‘ಟೇಕನ್’ ಇದನ್ನು ತಂದೆಯೊಬ್ಬನ ಸೇಡಿನ ಸಾಹಸವಾಗಿಸಿತು. ಅಲ್ಲಿ ಮಾರಾಟವಾದ ಇತರ ಹುಡುಗಿಯರು ಹಿನ್ನೆಲೆಗೆ ಸರಿದರು. ಪಾರು ಮಾಡಲು ಬರುವವನೇ ನಾಯಕನಾದರೆ ನೊಂದವಳ ಬದುಕು ಕಥೆಯಿಂದ ಹೊರಗುಳಿಯುತ್ತದೆ.

ಕನ್ನಡದಲ್ಲಿ ಪದ್ಧತಿಯ ಒಳಗಿನ ಹೆಣ್ಣನ್ನೇ ನಡುವೆ ನಿಲ್ಲಿಸಿದ ಮುಖ್ಯ ಚಿತ್ರ 1969ರ ‘ಗೆಜ್ಜೆಪೂಜೆ’. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. ಕಲ್ಪನಾ ಚಂದ್ರಾಳ ಪಾತ್ರ ವಹಿಸಿದರು. ಓದಿ, ಮದುವೆಯಾಗಿ, ಮರ್ಯಾದೆಯಿಂದ ಬಾಳಬೇಕೆಂಬ ಹುಡುಗಿಯನ್ನು ಮನೆಯ ವೇಶ್ಯಾವೃತ್ತಿಯೇ ಹೇಗೆ ಸೆಳೆದುಕೊಳ್ಳುತ್ತದೆ ಎಂಬುದು ಅದರ ವಸ್ತು. ಅದರ ಲೋಕ ಎಲ್ಲಮ್ಮನ ಜೋಗತಿಯರದಲ್ಲ. ಆದರೂ ಬಲೆ ಮನೆಯಲ್ಲೇ ನೇಯಲ್ಪಡುತ್ತದೆ, ಅದನ್ನು ನೇಯುವವರು ಪ್ರೀತಿಯಿಂದ ಸಾಕಿದವರೇ ಎಂಬುದನ್ನು ಅದು ಸ್ಪಷ್ಟವಾಗಿ ಕಂಡಿತು.

ಎಲ್ಲಮ್ಮನ ಸೀಮೆಯ ಸಾಗಣೆ ನೇರವಾಗಿ ತೆರೆಗೆ ಬಂದದ್ದು 1984ರಲ್ಲಿ, ನಿಷೇಧ ಕಾಯ್ದೆ ಜಾರಿಯಾದ ವರ್ಷವೇ. ಟಿ.ಎಸ್. ರಂಗ ನಿರ್ದೇಶಿಸಿದ ಹಿಂದಿ ಚಿತ್ರ ‘ಗಿದ್ಧ್’, ಅಂದರೆ ರಣಹದ್ದು, ಕರ್ನಾಟಕ–ಮಹಾರಾಷ್ಟ್ರ ಗಡಿಯ ಹಳ್ಳಿಗಳಲ್ಲಿ ದೇವಿಯ ಹೆಸರಿನಲ್ಲಿ ಹುಡುಗಿಯರನ್ನು ಬಿಟ್ಟು ಮುಂಬೈಗೆ ಸಾಗಿಸುವುದನ್ನು ಕುರಿತದ್ದು. ಓಂ ಪುರಿ, ಸ್ಮಿತಾ ಪಾಟೀಲ್ ಮುಖ್ಯ ಪಾತ್ರಗಳಲ್ಲಿದ್ದರು. ಇದಾದ ನಾಲ್ಕು ವರ್ಷಕ್ಕೆ ಮೀರಾ ನಾಯರ್ ಅವರ ‘ಸಲಾಂ ಬಾಂಬೆ!’ ಬಂತು. ಅದರಲ್ಲಿ ನೇಪಾಳದಿಂದ ತಂದು ಮಾರಿದ ಹುಡುಗಿಯ ಹೆಸರೂ ಯಾರಿಗೂ ಬೇಡ. ಎಲ್ಲರೂ ಅವಳನ್ನು ‘ಸೋಲಾ ಸಾಲ್’ ಎಂದು ವಯಸ್ಸಿನಿಂದಲೇ ಕರೆಯುತ್ತಾರೆ.

2009ರ ಮರಾಠಿ ಚಿತ್ರ ‘ಜೋಗವಾ’ ಜೋಗತಿಯರ ಬದುಕಿಗೆ ಇನ್ನೂ ಹತ್ತಿರ ಬಂತು. ಗಡಿಭಾಗದ ಗಡಹಿಂಗ್ಲಜ ಸೀಮೆಯ ಲೇಖಕ ರಾಜನ್ ಗವಸ್ ಅವರ ಕಾದಂಬರಿಗಳು ಅದಕ್ಕೆ ಆಧಾರ. ನಿರ್ದೇಶನ ರಾಜೀವ್ ಪಾಟೀಲ್. ಕೂದಲು ಜಟೆಗಟ್ಟಿದ್ದಕ್ಕಾಗಿ ಬಿಡಲ್ಪಟ್ಟ ಸುಲಿ, ದೇವಿಯ ಹೆಸರಿನಲ್ಲಿ ಸೀರೆ ಉಡಿಸಲ್ಪಟ್ಟ ತಾಯಪ್ಪ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಕಟ್ಟು ಮುರಿಯಲು ಹೊರಡುವುದು ಕಥೆ. ಚಿತ್ರಕ್ಕೆ ಐದು ರಾಷ್ಟ್ರಪ್ರಶಸ್ತಿಗಳು ಬಂದವು. ತಾಯಪ್ಪನ ಪಾತ್ರಕ್ಕೆ ಉಪೇಂದ್ರ ಲಿಮಯೆ ಶ್ರೇಷ್ಠ ನಟರೆನಿಸಿದರು. ಚೌಡಿಕೆಯ ನಾದ, ಪಡಲಗಿ, ಭಂಡಾರ ಎಲ್ಲವೂ ಅದರಲ್ಲಿ ಬದುಕಿನ ಭಾಗವಾಗಿಯೇ ಬರುತ್ತವೆ. ಭಕ್ತಿ ನಿಜವಾಗಿದ್ದರೂ ಪದ್ಧತಿ ಕ್ರೂರವಾಗಿರಬಲ್ಲದು ಎಂಬುದನ್ನು ಅದು ಮುಚ್ಚಿಡಲಿಲ್ಲ.

ಇದೇ ಹೊತ್ತಿಗೆ ವಿದೇಶದ ಕ್ಯಾಮೆರಾಗಳೂ ಈ ಸೀಮೆಗೆ ಬಂದವು. 2010ರಲ್ಲಿ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಸಾಕ್ಷ್ಯಚಿತ್ರ ಅಂತರ್ಜಾಲದಲ್ಲಿ ಬಿಡುಗಡೆಯಾಯಿತು. ಮರುವರ್ಷ ಬಿಬಿಸಿಯಲ್ಲಿ ಬೀಬನ್ ಕಿಡ್ರನ್ ಅವರ ‘ಸೆಕ್ಸ್, ಡೆತ್ ಅಂಡ್ ದಿ ಗಾಡ್ಸ್’ ಪ್ರಸಾರವಾಯಿತು. ಮೊದಲನೆಯದರಲ್ಲಿ ಕಾಣಿಸಿಕೊಂಡ ಸಾಂಗ್ಲಿಯ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ನ ಹೆಂಗಸರು ತಮ್ಮನ್ನು ತೋರಿಸಿದ ರೀತಿಗೆ ಸಿಟ್ಟಾದರು. ತಮ್ಮ ಖಾಸಗಿ ವಿಚಾರಗಳನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡಲಾಗಿದೆ, ತಮ್ಮ ದೇವಿಯನ್ನು ಹಗುರವಾಗಿ ಕಾಣಲಾಗಿದೆ ಎಂದು ತಾವೇ ಕ್ಯಾಮೆರಾ ಮುಂದೆ ಕೂತು ಉತ್ತರದ ವಿಡಿಯೊ ಮಾಡಿ ಹಾಕಿದರು. ಬೇರೆಯವರ ಚಿತ್ರದ ವಸ್ತುವಾಗಿದ್ದವರು ಇಲ್ಲಿ ತಮ್ಮ ಚಿತ್ರವನ್ನು ತಾವೇ ತೆಗೆದರು. ಈ ಚರಿತ್ರೆಯಲ್ಲಿ ಅದು ದೊಡ್ಡ ತಿರುವು.

ತೆರೆಯ ಹೊರಗೂ ಪದ್ಧತಿಯನ್ನು ಸಡಿಲಿಸಿದವರು ಅದನ್ನು ಅನುಭವಿಸಿದವರೇ. 1990ರ ದಶಕದ ಆರಂಭದಲ್ಲಿ ಮೈರಾಡ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಬೆಳಗಾವಿ ಜಿಲ್ಲೆಯಲ್ಲಿ ಪುನರ್ವಸತಿ ಕೆಲಸ ಆರಂಭಿಸಿದವು. ಅದರಿಂದ 1997ರಲ್ಲಿ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರದೇ ಆದ ‘ಮಾಸ್’ ಸಂಸ್ಥೆ ಹುಟ್ಟಿತು. ಏಳನೆಯ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಅದನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದರು. 1993–94ರ ಮತ್ತು 2007–08ರ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು.

ಸಿನಿಮಾ ಹೆಚ್ಚಾಗಿ ಹುಡುಗಿ ಬಿಡಲ್ಪಡುವ ದಿನ, ಮಾರಾಟವಾಗುವ ರಾತ್ರಿಗಳನ್ನು ಕಂಡಿದೆ. ವಯಸ್ಸಾಗಿ ಊರಿಗೆ ಮರಳಿದವಳ ಮನೆ, ಮಾಸಾಶನಕ್ಕಾಗಿ ಕಚೇರಿ ಅಲೆಯುವುದು, ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗದೆದುರು ನಿಲ್ಲುವ ಅವಳ ಮಗು, ಸಂಘ ಕಟ್ಟಿ ಮತ್ತೊಬ್ಬಳಿಗೆ ಮುತ್ತು ಕಟ್ಟದಂತೆ ತಡೆಯುವ ಕೆಲಸ ಇವು ತೆರೆಗೆ ಬಂದದ್ದು ಕಡಿಮೆ. ಅವು ಬಂದಾಗಲೇ ಈ ಸೀಮೆಯ ಹೆಣ್ಣುಮಕ್ಕಳ ಕಥೆ ತೆರೆಯ ಮೇಲೆ ಪೂರ್ತಿಯಾಗುತ್ತದೆ.