ಹಸಿ ಇಟ್ಟಿಗೆಯ ಕೋಟೆ ಮತ್ತು ಮೈಕೆಲೆಂಜೆಲೊ

ಯುರೋಪಿನ ಪುನರುಜ್ಜೀವನದ ಪಾಠವನ್ನು ನಾನು ಪ್ರೌಢಶಾಲೆಯಲ್ಲಿ ಅದೆಷ್ಟು ವರ್ಷ ಮಾಡಿದೆನೋ ಲೆಕ್ಕವಿಲ್ಲ. ಮೈಕೆಲೆಂಜೆಲೊ ಎಂದೊಡನೆ ಡೇವಿಡನ ಶಿಲ್ಪ, ಸಿಸ್ಟೈನ್ ಮಂದಿರದ ಮೇಲ್ಛಾವಣಿ, ಇಷ್ಟಕ್ಕೆ ಮುಗಿಯುತ್ತಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಅವರ ಊರಿಗೇ ಯುದ್ಧ ಬಂದಿದ್ದರೆ ಅವರು ಏನು ಮಾಡುತ್ತಿದ್ದರು?" ಎಂದು ಕೇಳಿದ. ಉತ್ತರ ಗೊತ್ತಿಲ್ಲದ ಮೇಷ್ಟರು ಹೇಳುವುದನ್ನೇ ನಾನೂ ಹೇಳಿದೆ: "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ." ಯುದ್ಧ ಬಂದಿತ್ತು, ಆತ ಮಾಡಿದ್ದೂ ಬಹಳವಿತ್ತು. ಇದನ್ನು ನಾನು ಓದಿ ತಿಳಿದದ್ದು ನಿವೃತ್ತಿಯಾದ ಮೇಲೆ.

ಮೊದಲು ಕೋಟೆಗಳ ವಿಚಾರ. 1494ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್ ಇಟಲಿಯ ಮೇಲೆ ದಂಡೆತ್ತಿ ಬಂದಾಗ ಅವನ ಜೊತೆಗೆ ಕುದುರೆಗಳು ಎಳೆಯುವ ಕಂಚಿನ ತೋಪುಗಳಿದ್ದವು. ಅವು ಕಲ್ಲಿನ ಗುಂಡಿನ ಬದಲಿಗೆ ಕಬ್ಬಿಣದ ಗುಂಡು ಹಾರಿಸುತ್ತಿದ್ದವು. ಹಿಂದೆ ವರ್ಷಗಟ್ಟಲೆ ಮುತ್ತಿಗೆಯನ್ನು ತಾಳಿಕೊಂಡಿದ್ದ ಮಾಂಟೆ ಸಾನ್ ಜಿಯೋವಾನ್ನಿಯ ದುರ್ಗ 1495ರಲ್ಲಿ ಕೆಲವೇ ಗಂಟೆಗಳಲ್ಲಿ ಬಿದ್ದಿತು. ಏಣಿ ಹಾಕಿ ಹತ್ತುವವರನ್ನು ತಡೆಯಲೆಂದು ಎತ್ತರವಾಗಿ, ತೆಳ್ಳಗೆ ಕಟ್ಟಿದ್ದ ಗೋಡೆಗಳಿಗೆ ಆ ಎತ್ತರವೇ ಮುಳುವಾಯಿತು. ಇಟಲಿಯ ಶಿಲ್ಪಿಗಳು ಕಂಡುಕೊಂಡ ಉಪಾಯವೆಂದರೆ ಗೋಡೆಯನ್ನು ತಗ್ಗಿಸುವುದು, ದಪ್ಪ ಮಾಡುವುದು, ಹಿಂದೆ ಮಣ್ಣು ತುಂಬುವುದು. ಕೊತ್ತಳದ ಆಕಾರವೂ ಬದಲಾಯಿತು. ದುಂಡನೆಯ ಬುರುಜಿನ ಮುಂದೆ, ಪಕ್ಕದ ಬುರುಜಿನವರ ಗುಂಡು ತಲುಪದ ಒಂದು ಜಾಗ ಉಳಿದುಬಿಡುತ್ತದೆ. ಶತ್ರು ಅಲ್ಲಿ ನುಸುಳಿ ಬುಡ ತೋಡಬಹುದು. ಬುರುಜನ್ನು ಬಾಣದ ಮೊನೆಯಂತೆ ಚೂಪು ಮಾಡಿದರೆ ಆ ಮರೆ ಇಲ್ಲವಾಗುತ್ತದೆ, ಒಂದನ್ನೊಂದು ಕಾಯುತ್ತವೆ. ಕಪ್ಪುಹಲಗೆಯ ಮೇಲೆ ನಾಲ್ಕು ಗೆರೆ ಎಳೆದಿದ್ದರೆ ರೇಖಾಗಣಿತದ ಪಾಠವೂ ಆಗುತ್ತಿತ್ತು.

ಇನ್ನು ಫ್ಲಾರೆನ್ಸ್. 1527ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನ್ಯ ರೋಮನ್ನು ಸೂರೆಗೊಂಡಿತು. ಪೋಪ್ ಏಳನೆಯ ಕ್ಲೆಮೆಂಟ್ ಸ್ವತಃ ಮೆದಿಚಿ ಮನೆತನದವನು. ಅವನು ಸಂಕಟದಲ್ಲಿದ್ದುದನ್ನು ಕಂಡು ಫ್ಲಾರೆನ್ಸಿನವರು ಮೆದಿಚಿಗಳನ್ನು ಹೊರಗಟ್ಟಿ ಗಣರಾಜ್ಯ ಸ್ಥಾಪಿಸಿದರು. 1529ರ ಹೊತ್ತಿಗೆ ಪೋಪನೂ ಚಕ್ರವರ್ತಿಯೂ ರಾಜಿಯಾದರು. ತನ್ನ ರೋಮನ್ನು ಸುಟ್ಟವರ ಸೈನ್ಯವನ್ನೇ ಪೋಪ್ ತನ್ನ ಹುಟ್ಟೂರಿನ ಮೇಲೆ ಕಳುಹಿಸಲು ಒಪ್ಪಿದ! ಅದೇ ವರ್ಷದ ಏಪ್ರಿಲಿನಲ್ಲಿ ಗಣರಾಜ್ಯವು ಕೋಟೆಗಳ ಮೇಲಧಿಕಾರವನ್ನು ಮೈಕೆಲೆಂಜೆಲೊಗೆ ವಹಿಸಿತು. ಆಗ ಅವನಿಗೆ 54 ವರ್ಷ. ಅಲ್ಲಿಯವರೆಗೆ ಆತ ಕೆತ್ತುತ್ತಿದ್ದುದು ಅದೇ ಮೆದಿಚಿಗಳ ಸಮಾಧಿಯ ಶಿಲ್ಪಗಳನ್ನು.

ಆತ ಫೆರಾರಾ ನಗರಕ್ಕೆ ಹೋಗಿ ಅಲ್ಲಿನ ಡ್ಯೂಕನ ಹೆಸರಾಂತ ಕೋಟೆಯನ್ನು ಅಭ್ಯಾಸ ಮಾಡಿ ಬಂದ. ಅವನ ಕೋಟೆಯ ನಕ್ಷೆಗಳಲ್ಲಿ ಸುಮಾರು ಇಪ್ಪತ್ತು ಇಂದಿಗೂ ಫ್ಲಾರೆನ್ಸಿನ ಕಾಸಾ ಬ್ವೊನಾರೊಟಿಯಲ್ಲಿವೆ. ಏಡಿಯ ಕೊಂಬುಗಳಂತೆ ನಾಲ್ದೆಸೆಗೆ ಚಾಚಿದ ಆಕೃತಿಗಳವು. ಗುಂಡು ಹೋಗುವ ದಾರಿಗಳನ್ನೂ ಗೆರೆಯೆಳೆದು ತೋರಿಸಿದ್ದಾನೆ. ಅವುಗಳಲ್ಲಿ ಹೆಚ್ಚಿನವನ್ನು ಕಟ್ಟಲು ಸಮಯವಿರಲಿಲ್ಲ. ಊರನ್ನು ಮೇಲಿನಿಂದ ನೋಡುವ ಸಾನ್ ಮಿನಿಯಾಟೊ ಗುಡ್ಡ ಶತ್ರುವಿನ ಕೈಸೇರಿದರೆ ಎಲ್ಲ ಮುಗಿದಂತೆಯೇ ಎಂದು ಅವನು ಮೊದಲು ಅದನ್ನು ಭದ್ರಪಡಿಸಿದ. ಅಮೃತಶಿಲೆಯ ಈ ಮಹಾಶಿಲ್ಪಿ ಅಲ್ಲಿ ಬಳಸಿದ್ದು ನಾರು ಬೆರೆಸಿ ತುಳಿದ ಮಣ್ಣಿನ ಹಸಿ ಇಟ್ಟಿಗೆ ಮತ್ತು ಸಗಣಿ. ಅದು ಬಡತನವಲ್ಲ, ಜಾಣತನ. ಕಲ್ಲು ಗುಂಡಿಗೆ ಸಿಡಿಯುತ್ತದೆ. ಮಣ್ಣು ಗುಂಡನ್ನು ನುಂಗಿಕೊಳ್ಳುತ್ತದೆ. ಗುಡ್ಡದ ಚರ್ಚಿನ ಗಂಟೆಗೋಪುರದ ಮೇಲೆ ತೋಪುಗಳನ್ನಿಟ್ಟಾಗ ಶತ್ರುಗಳು ಅದಕ್ಕೇ ಗುರಿಯಿಟ್ಟರು. ಮೈಕೆಲೆಂಜೆಲೊ ಉಣ್ಣೆಯ ಮೂಟೆಗಳನ್ನೂ ಹಾಸಿಗೆಗಳನ್ನೂ ಹಗ್ಗ ಕಟ್ಟಿ ಗೋಪುರದ ಸುತ್ತ ತೂಗಾಡಿಸಿದ. ಗುಂಡಿನ ಪೆಟ್ಟು ಉಣ್ಣೆಯಲ್ಲೇ ಕರಗಿತು. ಆ ಗೋಪುರ ಇಂದಿಗೂ ನಿಂತಿದೆ.

ಆದರೆ ಒಂದು ಸಂಗತಿಯನ್ನು ಮರೆಮಾಚುವಂತಿಲ್ಲ. ಮುತ್ತಿಗೆ ಆರಂಭವಾಗುವ ಮೊದಲೇ, 1529ರ ಸೆಪ್ಟೆಂಬರ್ 21ರಂದು, ಕೋಟೆ ಕಟ್ಟಿದವನೇ ಊರು ಬಿಟ್ಟು ಓಡಿಹೋದ. ವೆನಿಸ್ಸಿನಿಂದ ಮಿತ್ರನಿಗೆ ಬರೆದ ಪತ್ರದಲ್ಲಿ, ಕೊತ್ತಳದ ಬಳಿ ಯಾರೋ ಬಂದು "ಪ್ರಾಣ ಬೇಕಾದರೆ ಇಲ್ಲಿರಬೇಡ" ಎಂಬರ್ಥದ ಮಾತನ್ನು ಕಿವಿಯಲ್ಲಿ ಹೇಳಿದ ಎಂದಿದ್ದಾನೆ. ಗಣರಾಜ್ಯ ಅವನನ್ನು ದ್ರೋಹಿಯೆಂದು ಸಾರಿತು. ಸೇನಾಪತಿ ಮಾಲಾಟೆಸ್ಟಾ ಬಾಲಿಯೋನಿ ನಂಬಿಕೆಗೆ ಅರ್ಹನಲ್ಲ ಎಂದು ಮೈಕೆಲೆಂಜೆಲೊ ಎಚ್ಚರಿಸಿದ್ದನೆಂದೂ, ಅದಕ್ಕೆ ಅವನನ್ನು ಅಂಜುಬುರುಕನೆಂದು ಹೀಯಾಳಿಸಿದರೆಂದೂ ಅವನ ಜೀವನಚರಿತ್ರೆಕಾರ ಕೊಂಡಿವಿ ಬರೆಯುತ್ತಾನೆ. ಶಿಷ್ಯನ ಬರಹ, ಸ್ವಲ್ಪ ರಿಯಾಯಿತಿ ಕೊಟ್ಟೇ ಓದಬೇಕು. ನನಗನಿಸುವಂತೆ ಅವನು ಹೆದರಿದ್ದೂ ನಿಜ, ಅವನ ಅನುಮಾನವೂ ನಿಜ. ನನಗೆ ದೊಡ್ಡದಾಗಿ ಕಾಣುವುದು ಮುಂದಿನದು: ನವೆಂಬರಿನಲ್ಲಿ, ಶತ್ರುಸೈನ್ಯ ಊರನ್ನು ಸುತ್ತುವರಿದಿದ್ದಾಗ, ಅವನು ಅದೇ ಊರೊಳಕ್ಕೆ ಹಿಂತಿರುಗಿ ಬಂದ.

ಹತ್ತು ತಿಂಗಳು ಕೋಟೆ ಬೀಳಲಿಲ್ಲ. ಹಸಿವು ಮತ್ತು ಪ್ಲೇಗು ಒಳಗೇ ಕೊಲ್ಲುತ್ತಿದ್ದವು. 1530ರ ಆಗಸ್ಟ್ 3ರಂದು ಗಾವಿನಾನಾದಲ್ಲಿ, ಊರಿನ ನೆರವಿಗೆ ಬರುತ್ತಿದ್ದ ಫೆರೂಚಿ ಹತನಾದ. ಅದೇ ಕಾಳಗದಲ್ಲಿ ಶತ್ರುಸೇನಾಪತಿ ಆರೆಂಜ್ ರಾಜಕುಮಾರನೂ ಸತ್ತ. ಬಳಿಕ ಬಾಲಿಯೋನಿ ತನ್ನ ತೋಪುಗಳನ್ನು ನಗರದ ಕಡೆಗೇ ತಿರುಗಿಸಿದ. ಆಗಸ್ಟ್ 12ರಂದು ಫ್ಲಾರೆನ್ಸ್ ಶರಣಾಯಿತು.

ಮೈಕೆಲೆಂಜೆಲೊ ತಲೆಮರೆಸಿಕೊಂಡ. ಸಾನ್ ಲೊರೆಂಜೊದಲ್ಲಿ ಮೆದಿಚಿ ಸಮಾಧಿಮಂದಿರದ ಕೆಳಗೆ 1975ರಲ್ಲಿ ಸಿಕ್ಕಿದ ಸಣ್ಣ ಕೋಣೆಯ ಗೋಡೆಯ ಮೇಲಿನ ಇದ್ದಿಲ ಚಿತ್ರಗಳು ಆಗ ಅವನೇ ಬರೆದವೆಂದು ಕೆಲವು ವಿದ್ವಾಂಸರ ಮತ, ಒಪ್ಪದವರೂ ಇದ್ದಾರೆ. ಪೋಪ್ ಅವನನ್ನು ಕ್ಷಮಿಸಿದ, ಏಕೆಂದರೆ ಸಮಾಧಿಯ ಕೆಲಸ ಬಾಕಿಯಿತ್ತು.

ಊರಿನ ಹೊಸ ಒಡೆಯ ಅಲೆಸಾಂದ್ರೊ ಮೆದಿಚಿಗೆ ಒಂದು ಕೋಟೆ ಬೇಕಾಯಿತು. ಅದಕ್ಕೆ ಜಾಗ ನೋಡಲು ಬಾ ಎಂದು ಮೈಕೆಲೆಂಜೆಲೊಗೆ ಕರೆ ಬಂತು. ಪೋಪನ ಅಪ್ಪಣೆಯಿಲ್ಲದೆ ಬರಲಾರೆ ಎಂದು ಆತ ಹೋಗಲಿಲ್ಲ. ಆ ಕೋಟೆ, ಫೊರ್ಟೆಜಾ ದಾ ಬಾಸ್ಸೊ, 1534ರಲ್ಲಿ ಬೇರೊಬ್ಬ ನಿಪುಣ ಆಂಟೋನಿಯೊ ದಾ ಸಾಂಗಾಲೊನ ನಕ್ಷೆಯಂತೆ ಆರಂಭವಾಯಿತು. ಅದರ ಅತಿ ಬಲಿಷ್ಠ ಬುರುಜು ಮುಖಮಾಡಿರುವುದು ಹೊರಗಿನ ಬಯಲಿಗಲ್ಲ, ಊರಿನ ಕಡೆಗೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೈಕೆಲೆಂಜೆಲೊ ರೋಮಿಗೆ ಹೊರಟ. ಇನ್ನೂ ಮೂವತ್ತು ವರ್ಷ ಬದುಕಿದ್ದರೂ ಆ ಊರಿಗೆ ಮತ್ತೆ ಕಾಲಿಡಲಿಲ್ಲ; 1564ರಲ್ಲಿ ಅವನ ದೇಹವಷ್ಟೇ ಬಂತು.