ಕೆರೆಗಳ ರಕ್ಷಣೆಯೂ ಬಿತ್ತುವಟ್ಟವೂ

ಕನ್ನಡನಾಡಿನ ಬಯಲುಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಗಳು ವಿರಳ. ಮಳೆಯ ನೀರನ್ನು ತಡೆದು ನಿಲ್ಲಿಸದೆ ಅಲ್ಲಿ ಗದ್ದೆಯ ಬೇಸಾಯವು ನಡೆಯದು. ಆದುದರಿಂದಲೇ ಪ್ರಾಚೀನರು ತಟಾಕನಿರ್ಮಾಣವನ್ನು ಪೂರ್ತಧರ್ಮವೆಂದೆಣಿಸಿ, ಸಪ್ತಸಂತಾನಗಳಲ್ಲಿಯೂ ಅದಕ್ಕೆ ಸ್ಥಾನವನ್ನಿತ್ತರು. ಕದಂಬ ಕಾಕುಸ್ಥವರ್ಮನು ಶಿವಾಲಯದ ಬಳಿ ಕೆರೆಯನ್ನು ಕಟ್ಟಿಸಿದುದನ್ನು ತಾಳಗುಂದದ ಸ್ತಂಭಶಾಸನವು ಕವಿ ಕುಬ್ಜನ ಶ್ಲೋಕಗಳಲ್ಲಿ ತಿಳಿಸುತ್ತದೆ. ಇಂತಹ ಶಾಸನಗಳನ್ನು ಓದಿದವರು ಕಟ್ಟಿಸಿದವರ ಕೀರ್ತಿಯನ್ನು ನೆನೆಯುವುದು ಸಹಜವು. ಆದರೆ ಕೆರೆಗಳು ಶತಮಾನಗಳ ಕಾಲ ಉಳಿದುದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕು.

ಕೆರೆಕಟ್ಟುವ ವಿದ್ಯೆಯು ಹಿಂದಿನವರಲ್ಲಿ ಎಷ್ಟು ಬೆಳೆದಿತ್ತೆಂಬುದಕ್ಕೆ ಕಡಪಾ ಸೀಮೆಯ ಪೋರುಮಾಮಿಳ್ಳ ಶಾಸನವು (ಕ್ರಿ. ಶ. 1369) ಸಾಕ್ಷಿ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಅಲ್ಲಿ ಕಟ್ಟಿಸಿದ ಕೆರೆಗೆ ಪ್ರತಿದಿನ 1000 ಆಳುಗಳೂ 100 ಬಂಡಿಗಳೂ ದುಡಿದು, ಕೆಲಸವು 2 ವರ್ಷಗಳಲ್ಲಿ ಮುಗಿಯಿತೆಂದು ಅದರಲ್ಲಿ ಹೇಳಿದೆ. ಉತ್ತಮ ತಟಾಕಕ್ಕೆ 12 ಅಂಗಗಳನ್ನೂ 6 ದೋಷಗಳನ್ನೂ ಶಾಸನವು ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳುನೆಲ, ನೀರು ಸ್ವಲ್ಪವಾಗಿ ನೆಲ ವಿಸ್ತಾರವಾಗಿರುವುದು ದೋಷಗಳಾಗುವುದು ಸಹಜವೇ. ಎರಡು ರಾಜ್ಯಗಳ ಗಡಿಯಲ್ಲಿರುವುದೂ ದೋಷವೆಂದಿರುವುದು ಗಮನಾರ್ಹವು. ಇಬ್ಬರ ಸೊತ್ತಾದ ಕೆರೆಯನ್ನು ಕಾಯುವ ಹೊಣೆ ಯಾರದೂ ಆಗದೆಂಬುದು ಇದರ ಅಭಿಪ್ರಾಯವಾಗಿರಬೇಕು.

ಆ ಹೊಣೆಯನ್ನು ಖಚಿತಗೊಳಿಸಲೆಂದೇ ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ದತ್ತಿಗಳು ಪದೇಪದೇ ಕಾಣಬರುತ್ತವೆ. ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಪಾಡುವವನಿಗೆ ಆ ಕೆರೆಯ ಕೆಳಗಿನ ಭೂಮಿಯಲ್ಲಿಯೇ ಪಾಲನ್ನು ಬಿಡುವುದು ಇವುಗಳ ತಾತ್ಪರ್ಯವು. ಏರಿ ಒಡೆದರೆ ಮೊದಲು ಒಣಗುವುದು ಕಾಯುವವನ ಗದ್ದೆಯೇ. ಹೀಗೆ ಅವನ ಜೀವನವು ಕೆರೆಯ ಜೀವನಕ್ಕೆ ಕಟ್ಟಲ್ಪಟ್ಟಿತ್ತು. ಗ್ರಾಮದ ಆಯಗಾರರಲ್ಲಿ ನೀರಗಂಟಿಯು ತೂಬನ್ನು ತೆರೆದು ಮುಚ್ಚಿ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದನು. ಅವನಿಗೂ ಆಯವೋ ಮಾನ್ಯವೋ ಸಲ್ಲುತ್ತಿತ್ತು. ಬೇಸಗೆಯಲ್ಲಿ ರೈತರು ಕೆರೆಗೋಡನ್ನು ಹೊಲಗಳಿಗೆ ಹೊಡೆದುದರಿಂದ ನೆಲಕ್ಕೆ ಗೊಬ್ಬರವೂ ಕೆರೆಗೆ ಆಳವೂ ಒಟ್ಟಿಗೆ ದೊರಕುತ್ತಿದ್ದುವು.

ಮೈಸೂರು ಸಂಸ್ಥಾನದಲ್ಲಿ 1856ರಲ್ಲಿ ಮರಾಮತ್ತು ಇಲಾಖೆಯು ಸ್ಥಾಪಿತವಾದ ಮೇಲೆ ದೊಡ್ಡ ಕೆಲಸಗಳು ಕ್ರಮೇಣ ಸರ್ಕಾರದ ಕೈಸೇರಿದುವು. ಏರಿಯ ಮಣ್ಣುಕೆಲಸದ ಹೊಣೆಯು ರೈತರ ಮೇಲೆಯೇ ಉಳಿಯಿತು. ಹಳೆಯ ಕಟ್ಟುಪಾಡುಗಳು ಸಡಿಲವಾದುದನ್ನು ಕಂಡು ಸರ್ಕಾರವು 1911ರಲ್ಲಿ ಕೆರೆ ಪಂಚಾಯತಿಗಳ ಕಾನೂನನ್ನು ಮಾಡಿತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನು ವಂಶಪಾರಂಪರ್ಯದ ಗ್ರಾಮಸೇವೆಗಳನ್ನು ಕೊನೆಗಾಣಿಸಿತು. ಹುಟ್ಟಿನಿಂದ ಬಂದ ಊಳಿಗವನ್ನು ನಿಲ್ಲಿಸಿದುದು ನ್ಯಾಯವೇ. ಆದರೆ ನೀರಗಂಟಿಯ ಕೆಲಸವನ್ನು ವಹಿಸಿಕೊಳ್ಳುವವರು ಅನೇಕ ಗ್ರಾಮಗಳಲ್ಲಿ ಇಲ್ಲದೆಹೋದರು. ಕೊಳವೆಬಾವಿಗಳು ಬಂದಮೇಲಂತೂ ಕೆರೆಯ ನೀರನ್ನೇ ನಂಬಿದವರು ಕಡಮೆಯಾದರು. ಹೂಳು ತುಂಬಿತು, ಕಾಲುವೆಗಳು ಮುಚ್ಚಿದುವು.

2000ದಲ್ಲಿ ಜಲ ಸಂವರ್ಧನೆ ಯೋಜನಾ ಸಂಘವು ಸ್ಥಾಪಿತವಾಗಿ, ವಿಶ್ವಬ್ಯಾಂಕಿನ ನೆರವಿನಿಂದ ಕೆರೆಗಳನ್ನು ಗ್ರಾಮಸ್ಥರ ಸಂಘಗಳ ಮೂಲಕ ಉದ್ಧರಿಸುವ ಯತ್ನವು ನಡೆಯಿತು. ಇಂತಹ ಯತ್ನಗಳಿಗೆ ಶಾಸನಗಳು ಹೇಳುವ ಪಾಠವೊಂದುಂಟು. ಹೂಳೆತ್ತುವುದು ಒಮ್ಮೆ ಮಾಡಿ ಮುಗಿಸುವ ಕೆಲಸ, ಕಾಯುವುದು ನಿತ್ಯಕರ್ಮ. ನಿತ್ಯಕರ್ಮಕ್ಕೆ ನಿತ್ಯವಾದ ಆದಾಯವನ್ನು ಕಲ್ಪಿಸಿದುದೇ ಬಿತ್ತುವಟ್ಟದ ಮರ್ಮವು. ಅಂತಹ ಏರ್ಪಾಡಿಲ್ಲದೆ ಮಾಡಿದ ಜೀರ್ಣೋದ್ಧಾರವು ಮತ್ತೊಂದು ಜೀರ್ಣೋದ್ಧಾರವನ್ನು ಬಯಸುವುದರಲ್ಲಿ ಸಂದೇಹವಿಲ್ಲ.