ಪುಂಡನ ಪುರಾಣ

ಹೈದರಾಬಾದಿನ ನಮ್ಮ ಕನ್ನಡದ ಮನೆಗಳಲ್ಲಿ ಅಜ್ಜಿಯು ಮೊಮ್ಮಗನನ್ನು 'ಏ ಪುಂಡ!' ಎಂದು ಗದರಿಸಿದರೆ ಅವನು ಹೆದರುವುದಿಲ್ಲ, 'ಹಾಗೆಂದರೇನು?' ಎಂದು ಕೇಳುತ್ತಾನೆ. ಕಲಬುರಗಿ, ರಾಯಚೂರುಗಳಿಂದ ಬಂದ ಮನೆಯಾದರೆ ಪುಂಡಿಪಲ್ಯದ ನೆನಪಾದರೂ ಆದೀತು. ಅದನ್ನೂ ಇಲ್ಲಿಯ ಮಕ್ಕಳು ಗೋಂಗೂರ ಎಂದೇ ಬಲ್ಲರು!

ಪುಂಡನೆಂದರೆ ಹೇಳಿದ ಮಾತಿಗೆ ಬಗ್ಗದವನು. ಪುಂಡಾಟ, ಪುಂಡುಪೋಕರಿ ಮುಂತಾದ ಮಾತುಗಳು ಅದರಿಂದಲೇ ಬೆಳೆದವು. ಮರಾಠಿಯಲ್ಲಿಯೂ ಈ ಶಬ್ದ ಉಂಟು. ಅಲ್ಲಿ ಅವನು ದಂಗೆಕೋರ. ಆದರೆ ಕಾಸರಗೋಡು, ದಕ್ಷಿಣ ಕನ್ನಡಗಳ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಇದೇ ಶಬ್ದಕ್ಕೆ ಮರ್ಯಾದೆಯ ಸ್ಥಾನ. ಅಭಿಮನ್ಯು, ಬಭ್ರುವಾಹನರದು ಪುಂಡುವೇಷ. ದಿಗಿಣ ಹೊಡೆಯುತ್ತ ರಂಗಸ್ಥಳವನ್ನೆಲ್ಲ ತುಂಬುವ ಎಳೆಯ ವೀರನಿಗೆ ಆ ಹೆಸರು. ಬೈಗುಳವೇ ಅಲ್ಲಿ ಬಿರುದಾಯಿತು.

ಇಂಗ್ಲಿಷಿನ 'ಪಂಕ್' ಕೂಡ ಇಂಥದೇ ದಾರಿ ಸವೆಸಿದೆ. ಷೇಕ್ಸ್‌ಪಿಯರನ ಕಾಲದಲ್ಲಿ ಅದರ ಅರ್ಥ ಬೆಲೆವೆಣ್ಣು. ಅಮೆರಿಕದಲ್ಲಿ ಕಿಡಿ ಹೊತ್ತಿಸಲು ಬಳಸುವ ಲಡ್ಡು ಮರಕ್ಕೂ ಪಂಕ್ ಎಂದರು. ಮುಂದೆ ಕೆಲಸಕ್ಕೆ ಬಾರದ ಹುಡುಗನಿಗೂ ಅದೇ ಮಾತು. 1976-77ರ ಸುಮಾರಿಗೆ ನ್ಯೂಯಾರ್ಕ್, ಲಂಡನ್ನುಗಳ ತರುಣರು ಆ ಬೈಗುಳವನ್ನೇ ತಮ್ಮ ಸಂಗೀತದ ಹೆಸರಾಗಿ ಹೆಮ್ಮೆಯಿಂದ ತೊಟ್ಟುಕೊಂಡರು.

ನಮ್ಮೂರಿನಲ್ಲಿಯೂ ಹೀಗಾದದ್ದುಂಟು. 2006ರಲ್ಲಿ ತೆಲುಗಿನ 'ಪೋಕಿರಿ' ಚಿತ್ರ ಬಂದು, ಬೈಗುಳವು ನಾಯಕನ ಹೆಸರಾಯಿತು. 2010ರಲ್ಲಿ ಅದೇ ಕಥೆ ಕನ್ನಡದಲ್ಲಿ 'ಪೊರ್ಕಿ'ಯಾಗಿ ತೆರೆಗೆ ಬಂದಿತು.

ಎಲ್ಲ ಬೈಗುಳಗಳಿಗೂ ಈ ಭಾಗ್ಯವಿಲ್ಲ. 'ಗೂಂಡಾ' ಶಬ್ದ 1985ರಲ್ಲಿ ಕರ್ನಾಟಕದ, 1986ರಲ್ಲಿ ಆಂಧ್ರಪ್ರದೇಶದ ಕಾಯಿದೆಯೊಳಗೆ ಸೇರಿತು. ಅಮೆರಿಕದಲ್ಲಿ ಹುಟ್ಟಿದ 'ರೌಡಿ' ನಮ್ಮ ಪೊಲೀಸ್ ಠಾಣೆಗಳಲ್ಲಿ 'ರೌಡಿಶೀಟ್' ಆಗಿ ಕುಳಿತಿದೆ. ಅಜ್ಜಿಯ ಬೈಗುಳ ಸಂಜೆಯ ಊಟದ ಹೊತ್ತಿಗೆ ಮರೆತುಹೋಗುತ್ತದೆ. ಠಾಣೆಯ ಪುಸ್ತಕಕ್ಕೇರಿದ ಹೆಸರು ಅಷ್ಟು ಸುಲಭವಾಗಿ ಇಳಿಯದು. ಒಂದೇ ಹುಡುಗ, ಒಂದೇ ಹುಡುಗಾಟ. ಕರೆಯುವವರು ಯಾರೆಂಬುದರ ಮೇಲೆ ಅವನ ಹಣೆಬರಹ.

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಪರಸ್ಥಳದಲ್ಲಿ ಬೆಳೆಯುವ ಮಕ್ಕಳಿಗೆ ನಾವು ಬರಿಯ ಒಳ್ಳೆಯ ಮಾತುಗಳನ್ನಷ್ಟೇ ಕಲಿಸಿದರೆ ಸಾಲದು, ಪ್ರೀತಿಯ ಬೈಗುಳಗಳನ್ನೂ ದಾಟಿಸಬೇಕು. ಬೈಗುಳದಲ್ಲಿ ಅಕ್ಕರೆ ಎಷ್ಟು, ಸಿಟ್ಟು ಎಷ್ಟು ಎಂದು ತಿಳಿಯುವುದು ಮನೆಮಾತಿನಲ್ಲಿ ಮಾತ್ರ. ಮಗುವನ್ನು 'ಪುಂಡ' ಎಂದು ಕರೆದ ದಿನ ಅಭಿಮನ್ಯುವಿನ ಕಥೆಯನ್ನೂ ಹೇಳೋಣ.